ಫಾರ್ಮ್ಯಾಟ್ ಹೊಡೆಯುವ ಮೊದಲು ತಡ ಎಲ್ಲಿ ಆಗುತ್ತಿದೆ ಅಂತ ನೋಡಿ

ಸಂಪಾದಕರಿಗೆ,

ನಮಸ್ಕಾರ.

ಕಂಪ್ಯೂಟರ್ ಆನ್ ಆಗುವುದು ತಡವಾದರೆ ನಮ್ಮ ಚಿಕ್ಕಮಗಳೂರು ಕಡೆ ಸಿಗುವ ಉತ್ತರ ಒಂದೇ. 'ಫಾರ್ಮ್ಯಾಟ್ ಹೊಡೀಬೇಕು.' ಅಂದರೆ ಇದ್ದದ್ದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಅಂತ. ಎರಡನೇ ಸಲ ತೆಗೆದುಕೊಂಡು ಹೋದರೆ, 'ಮೆಷಿನ್ ಹಳೇದಾಯ್ತು, ಹೊಸದು ತಗೊಂಡುಬಿಡಿ.' ತಡ ಯಾವ ಜಾಗದಲ್ಲಿ ಆಗುತ್ತಿದೆ ಅಂತ ಹುಡುಕುವ ಕೆಲಸ ಮಾತ್ರ ಯಾರೂ ಮಾಡುವುದಿಲ್ಲ. ಅದೊಂದನ್ನು ಬಿಟ್ಟಿದ್ದಕ್ಕೆ ಜನರ ದುಡ್ಡು, ವರ್ಷಗಟ್ಟಲೆಯ ಲೆಕ್ಕಪತ್ರ, ಮದುವೆ ಫೋಟೋ ಎಲ್ಲಾ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ನಾನು ಆಲ್ದೂರು ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪಟ್ಟಿ ಬರೆಯುವುದು, ಕುಯ್ಲಿನ ತೂಕ ಹಿಡಿಯುವುದು, ಮಳೆ ಎಷ್ಟು ಇಂಚು ಎಷ್ಟು ಸೆಂಟು ಅಂತ ಗುರುತು ಹಾಕುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ಮೊದಲೆಲ್ಲಾ ದೊಡ್ಡ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಈಗ ಹಾಜರಿ, ಮುಂಗಡ, ಪಿಎಫ್ ಎಲ್ಲಾ ಕಂಪ್ಯೂಟರಿನಲ್ಲಿ. ಬಟವಾಡೆ ದಿನ ಅದು ಏಳುವವರೆಗೆ ಶೀಟ್ ಪ್ರಿಂಟ್ ಬರುವುದಿಲ್ಲ, ಶೀಟ್ ಬರುವವರೆಗೆ ಯಾರ ಕೈಗೂ ದುಡ್ಡು ಹೋಗುವುದಿಲ್ಲ. ಆಫೀಸಿನ ಜಗುಲಿಯಲ್ಲಿ ಆಳುಗಳು ಸಾಲಾಗಿ ಕೂತಿರುತ್ತಾರೆ. ಪೇಟೆಗೆ ಹೋಗಿ ಅಕ್ಕಿ ಸಾಮಾನು ತರಬೇಕಾದವರು, ಮಗುವಿಗೆ ಔಷಧಿ ತರಬೇಕಾದವರು. 'ರೈಟ್ರೇ, ಕೊನೇ ಬಸ್ಸು ಹೋಗುತ್ತೆ ಕಣ್ರೀ' ಅಂತ ಹೆಂಗಸರು ಕಿಟಕಿ ಹತ್ತಿರ ಬಂದು ಹೇಳುತ್ತಾರೆ. ಒಳಗೆ ಪರದೆ ಮೇಲೆ ಚುಕ್ಕೆಗಳು ಸುತ್ತುತ್ತಾ ಇರುತ್ತವೆ. ನಿಧಾನವಾದ ಕಂಪ್ಯೂಟರ್ ಅಂದರೆ ನಮ್ಮ ತೋಟದಲ್ಲಿ ಇಷ್ಟು ದೊಡ್ಡ ವಿಷಯ.

ನಮ್ಮದು ಜೋಡಿಸಿ ಕೊಟ್ಟ ಡೆಸ್ಕ್‌ಟಾಪ್. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬಟನ್ ಒತ್ತಿದ ಮೇಲೆ ಕೆಲಸಕ್ಕೆ ಸಿಗಲು ಕಾಲು ಗಂಟೆ ಹಿಡಿಯುತ್ತಿತ್ತು. ಸಾಹುಕಾರ್ರು ಪೇಟೆಯ ಒಂದು ಅಂಗಡಿಗೆ ಕಳಿಸಿದರು. ಫಾರ್ಮ್ಯಾಟ್ ಆಗಿ ಬಂತು. ಹಳೆಯ ಚೆಕ್‌ರೋಲ್ ಫೈಲುಗಳಲ್ಲಿ ಅರ್ಧ ಇರಲಿಲ್ಲ. 'ಡಿ ಡ್ರೈವಿನಲ್ಲಿ ಇದ್ದದ್ದು ಇದೆ, ಡೆಸ್ಕ್‌ಟಾಪ್ ಮೇಲೆ ಇದ್ದದ್ದು ಹೋಗುತ್ತೆ, ಅದು ಮಾಮೂಲು' ಅಂದರು. ಉಳಿದಿದ್ದ ಕನ್ನಡ ಪತ್ರಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ತುಂಬಾ ಜನ ಫೈಲ್ ಹಾಳಾಯಿತು ಅಂತ ಅಳಿಸಿಬಿಡುತ್ತಾರೆ. ಹಾಳಾಗಿರುವುದಿಲ್ಲ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಅಂದರೆ 'ನುಡಿ 01 ಇ' ತರಹದ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಮೆಷಿನ್ನಿನಲ್ಲಿ ಹಾಗೇ ಕಾಣುತ್ತದೆ. ನುಡಿ ತಂತ್ರಾಂಶ ಮತ್ತೆ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. 'ಬರಹ' ಅನ್ನುವ ಇನ್ನೊಂದು ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳ ಕಥೆಯೂ ಇದೇ.

ಫಾರ್ಮ್ಯಾಟ್ ಆದ ಮೇಲೆ ಸ್ವಲ್ಪ ಕಾಲ ಚುರುಕಾಗಿತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಮತ್ತೆ ಹಳೇ ಹಾಡು. ಈ ಸಲ ಅಂಗಡಿಯವರು ಮದರ್‌ಬೋರ್ಡ್ ವೀಕ್ ಆಗಿದೆ, ಹೊಸದೇ ವಾಸಿ ಅಂದರು. ಪೆಟ್ಟಿಗೆ ಬಿಚ್ಚಿಯೂ ನೋಡಿರಲಿಲ್ಲ.

ನನ್ನ ತಮ್ಮನ ಮಗಳು ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ರಜೆಗೆ ಬಂದವಳು ಆಫೀಸಿಗೆ ಬಂದು ನೋಡಿದಳು. ಅವಳು ಹೇಳಿದ ಮೊದಲ ಮಾತನ್ನೇ ಎಲ್ಲರಿಗೂ ತಲುಪಿಸಬೇಕು ಅನ್ನಿಸಿದೆ. 'ದೊಡ್ಡಪ್ಪ, ಕಾಲು ಗಂಟೆ ಅನ್ಬೇಡಿ. ಮೂರು ಪಾಲು ಮಾಡಿ ಹೇಳಿ. ಬಟನ್ ಒತ್ತಿದಾಗಿಂದ ವಿಂಡೋಸ್ ಗುರುತು ಬರೋವರೆಗೆ ಎಷ್ಟು, ಅಲ್ಲಿಂದ ಪಾಸ್‌ವರ್ಡ್ ಕೇಳೋವರೆಗೆ ಎಷ್ಟು, ಪಾಸ್‌ವರ್ಡ್ ಹೊಡೆದ ಮೇಲೆ ಮೌಸ್ ಮಾತು ಕೇಳೋವರೆಗೆ ಎಷ್ಟು.' ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಚೀಟಿಯಲ್ಲಿ ಬರೆದೆವು. ಮೂರೂ ಕಡೆ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಸುಮ್ನೆ 'ಸ್ಲೋ' ಅಂತ ಒಂದೇ ಹೆಸರಿಟ್ಟರೆ ಯಾವುದೂ ಸಿಗುವುದಿಲ್ಲ.

ಮೊದಲ ಪಾಲಿನಲ್ಲಿ ವಿಂಡೋಸ್ ಇನ್ನೂ ಕಾಲಿಟ್ಟಿರುವುದೇ ಇಲ್ಲ. ಅಲ್ಲಿ ಕೆಲಸ ಮಾಡುವುದು ಮದರ್‌ಬೋರ್ಡಿನಲ್ಲೇ ಇರುವ ಬಯಾಸ್ ಅನ್ನುವ ಸಣ್ಣ ತಂತ್ರಾಂಶ. ರ‍್ಯಾಮ್ ಇದೆಯಾ, ಕೀಬೋರ್ಡ್ ಇದೆಯಾ, ಯಾವ ಡಿಸ್ಕಿನಿಂದ ಶುರು ಮಾಡಬೇಕು ಅಂತ ನೋಡುತ್ತದೆ. ಇಲ್ಲಿ ತಡವಾದರೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಒಂದು ಸೆಕೆಂಡೂ ಉಳಿಯುವುದಿಲ್ಲ. ನಮ್ಮ ಮೆಷಿನ್ ಬೆಳಿಗ್ಗೆ ಕಪ್ಪು ಪರದೆಯಲ್ಲಿ ನಿಂತು ಎಫ್1 ಒತ್ತು ಅನ್ನುತ್ತಿತ್ತು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ಒಳಗಿನ ಸಣ್ಣ ಬಿಲ್ಲೆ ಸೆಲ್ ಸತ್ತಿತ್ತು, ಅಷ್ಟೇ. ಅದರ ನಂಬರ್ ಸಿಆರ್2032. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ತಾರೀಖು ತಪ್ಪಿದ್ದರೆ ಬ್ಯಾಂಕಿನ ವೆಬ್‌ಸೈಟ್ ಕೂಡ 'ಸುರಕ್ಷಿತವಲ್ಲ' ಅಂತ ಬಾಗಿಲು ಹಾಕುತ್ತದೆ. ಅದನ್ನು ನೋಡಿ ಇಂಟರ್‌ನೆಟ್ ಕೆಟ್ಟಿದೆ ಅಂದುಕೊಳ್ಳುವವರು ಬಹಳ.

ಚುಚ್ಚಿಟ್ಟ ಪೆನ್‌ಡ್ರೈವ್, ಹೊರಗಿನ ಡಿಸ್ಕ್, ಕಾರ್ಡ್ ರೀಡರ್ ಎಲ್ಲಾ ತೆಗೆದು ಒಂದು ಸಲ ಆನ್ ಮಾಡಿ ನೋಡಿ. ಬಯಾಸಿನ ಪಟ್ಟಿಯಲ್ಲಿ ಪೆನ್‌ಡ್ರೈವ್ ಅಥವಾ ನೆಟ್‌ವರ್ಕ್ ಮೊದಲನೆಯದಾಗಿದ್ದರೆ ಅದು ಅಲ್ಲಿ ಹುಡುಕುತ್ತಾ ಕೂರುತ್ತದೆ. ಹೊಸ ಮೆಷಿನ್‌ಗಳಲ್ಲಿ, ಯಾವುದು ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಪುಟದ ಮೇಲ್ಗಡೆ 'ಲಾಸ್ಟ್ ಬಯಾಸ್ ಟೈಮ್' ಅಂತ ಸೆಕೆಂಡುಗಳ ಲೆಕ್ಕವೇ ಇರುತ್ತದೆ. ಹಳೆಯ ಮಾದರಿಯ ಬಯಾಸ್ ಇದ್ದರೆ ಕಾಣುವುದಿಲ್ಲ, ಆಗ ಸ್ಟಾಪ್‌ವಾಚೇ ಗತಿ. ಮಲೆನಾಡಿನ ಥಂಡಿಗೆ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಕಟ್ಟುತ್ತದೆ. ವೈರ್ ಕಿತ್ತು, ರ‍್ಯಾಮ್ ಬಿಚ್ಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ನಮ್ಮ ಚೀಟಿಯಲ್ಲಿ ದೊಡ್ಡ ಅಂಕಿ ಇದ್ದದ್ದು ಎರಡನೇ ಮತ್ತು ಮೂರನೇ ಪಾಲಿನಲ್ಲಿ. ಆ ಹೊತ್ತಿನಲ್ಲೆಲ್ಲಾ ಪೆಟ್ಟಿಗೆ ಮುಂದಿನ ಡಿಸ್ಕಿನ ದೀಪ ಮಿಣುಕುತ್ತಿರಲಿಲ್ಲ, ಒಂದೇ ಸಮ ಉರಿಯುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದಳು. ಡಿಸ್ಕಿನ ಕಾಲಂ ಕೆಂಪಾಗಿ 100% ತೋರಿಸುತ್ತಿತ್ತು. 'ಇದು ನೋಡಿ ದೊಡ್ಡಪ್ಪ, ನೂರಕ್ಕೆ ನೂರು ಕೆಲ್ಸ ಮಾಡ್ತಿದೆ, ಆದ್ರೆ ಸೆಕೆಂಡಿಗೆ ಓದ್ತಿರೋದು ಒಂದೆರಡು ಎಂಬಿ. ಪ್ರೊಸೆಸರ್ ಸುಮ್ನೆ ಕೂತಿದೆ' ಅಂದಳು. ಹೌದು, ಪ್ರೊಸೆಸರ್ ಹತ್ತು ಪರ್ಸೆಂಟೂ ದಾಟಿರಲಿಲ್ಲ. ವೀಕ್ ಆಗಿದೆ ಅಂತ ಅಂಗಡಿಯವರು ಹೇಳಿದ್ದ ಮದರ್‌ಬೋರ್ಡಿಗೆ ಇಲ್ಲಿ ಏನೂ ಆಗಿರಲಿಲ್ಲ.

ಹಾರ್ಡ್ ಡಿಸ್ಕ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಇದು ಅರ್ಥವಾಗುತ್ತದೆ. ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು 5,400. ಒಂದು ಸಣ್ಣ ಕೈ ಅತ್ತಿತ್ತ ಓಡಾಡಿ ಬೇಕಾದ ಜಾಗದಿಂದ ಓದುತ್ತದೆ. ಪ್ರತಿ ಸಲ ಜಾಗ ಬದಲಿಸಲು ಹತ್ತು ಹನ್ನೆರಡು ಮಿಲಿಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ ನೂರು ಕಡೆ ಹೋಗಿಬಂದರೆ ಹೆಚ್ಚು. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲು ಕೇಳುತ್ತದೆ, ಒಂದೂ ಒಂದರ ಪಕ್ಕ ಇರುವುದಿಲ್ಲ. ತೋಟದವರಿಗೆ ಹೇಳುವುದಾದರೆ, ಗಿಡ ತುಂಬ ಹಣ್ಣಿದ್ದಾಗ ಕುಯ್ಯುವುದಕ್ಕೂ, ಫ್ಲೈ ಪಿಕ್ಕಿಂಗಿನಲ್ಲಿ ಗಿಡಕ್ಕೆ ನಾಲ್ಕು ಹಣ್ಣು ಹುಡುಕಿಕೊಂಡು ಇಡೀ ಪಟ್ಟೆ ಸುತ್ತುವುದಕ್ಕೂ ಇರುವ ವ್ಯತ್ಯಾಸ ಇದು. ಆಳು ಅದೇ, ಕೈ ಅದೇ, ಸಂಜೆಗೆ ತೂಕ ಮಾತ್ರ ಅರ್ಧವೂ ಇರುವುದಿಲ್ಲ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿ ಅನ್ನುವ ಹೊಸ ತರಹದ ಡಿಸ್ಕಿನಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡುವ ಕೈಯೂ ಇಲ್ಲ. ಯಾವ ಮೂಲೆಯದ್ದನ್ನು ಕೇಳಿದರೂ ಮಿಲಿಸೆಕೆಂಡಿನ ಒಂದು ಚೂರಿನಲ್ಲಿ ಕೊಡುತ್ತದೆ.

ಇಲ್ಲೇ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಡಿಸ್ಕ್ ಸುಮ್ಮನೆ ನಿಧಾನವೋ, ಸಾಯುತ್ತಿದೆಯೋ? 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಅಂತ ಒಂದು ಉಚಿತ ತಂತ್ರಾಂಶ ಇದೆ. ತೆರೆದ ಕೂಡಲೇ ಡಿಸ್ಕಿನ ಆರೋಗ್ಯ ಹೇಳುತ್ತದೆ. ನೀಲಿ ಇದ್ದರೆ ಚೆನ್ನಾಗಿದೆ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ಹೋಯಿತು. ನಮ್ಮದು ಹಳದಿ. ಓದಲು ಆಗದೆ ಬಾಕಿ ಉಳಿದ ಜಾಗಗಳ ಲೆಕ್ಕ, ಇಂಗ್ಲಿಷಿನಲ್ಲಿ ಪೆಂಡಿಂಗ್ ಸೆಕ್ಟರ್ ಅನ್ನುತ್ತಾರೆ, ಅಲ್ಲಿ ಸೊನ್ನೆ ಇರಬೇಕಾದ ಕಡೆ ಅಂಕಿ ಬಂದಿತ್ತು. ಅಂಥ ಜಾಗ ಸಿಕ್ಕಿದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ಅಷ್ಟು ಹೊತ್ತು ಇಡೀ ಕಂಪ್ಯೂಟರ್ ಕಲ್ಲಿನ ಹಾಗೆ ನಿಂತಿರುತ್ತದೆ.

ಹಳದಿ ಕಂಡರೆ ಮಾಡಬೇಕಾದ ಮೊದಲ ಕೆಲಸ ಫೈಲು ನಕಲು ತೆಗೆಯುವುದು. ಬೇರೆ ಯಾವುದೂ ಅಲ್ಲ. ಡಿಫ್ರ್ಯಾಗ್ ಬೇಡ, ಚೆಕ್‌ಡಿಸ್ಕ್ ಬೇಡ, ಸ್ಕ್ಯಾನ್ ಬೇಡ. ಅವೆಲ್ಲಾ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ದುಡಿಸುತ್ತವೆ. ಟ್ಯಾಲಿಯ ಡೇಟಾ ಫೋಲ್ಡರ್, ಚೆಕ್‌ರೋಲ್, ಆಳುಗಳ ಆಧಾರ್ ಮತ್ತು ಪಾಸ್‌ಬುಕ್ ನಕಲು, ಮಳೆಯ ಲೆಕ್ಕ, ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿಕೊಂಡೆವು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರನ್ನೂ ಮರೆಯಬೇಡಿ. ಫಾರ್ಮ್ಯಾಟಿನಲ್ಲಿ ಕಳೆದುಹೋಗುವುದು ಬಹುತೇಕ ಅಲ್ಲಿದ್ದದ್ದೇ.

ಈಗ ಹೇಳಿ, ಇಂಥ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದರೆ ಏನಾದೀತು? ಅಂಗಡಿಯಲ್ಲಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಫೈಲುಗಳ ವಿಳಾಸಪಟ್ಟಿಯನ್ನಷ್ಟೇ ಅಳಿಸುತ್ತದೆ. ಕೆಟ್ಟ ಜಾಗ ಕೆಟ್ಟೇ ಇರುತ್ತದೆ. ಮೊದಲ ಕೆಲವು ವಾರ ಚುರುಕಾಗಿ ಕಾಣುವುದಕ್ಕೆ ಕಾರಣ, ತಾನಾಗೇ ಶುರುವಾಗುವ ತಂತ್ರಾಂಶಗಳು ಹೋಗಿರುತ್ತವೆ, ವಿಂಡೋಸ್ ಡಿಸ್ಕಿನ ಬೇರೆ ಜಾಗದಲ್ಲಿ ಹೊಸದಾಗಿ ಕೂತಿರುತ್ತದೆ. ಪ್ರಿಂಟರ್, ಆ್ಯಂಟಿವೈರಸ್, ಅಪ್‌ಡೇಟ್ ಎಲ್ಲಾ ಒಂದೊಂದಾಗಿ ವಾಪಸ್ ಬಂದ ಮೇಲೆ ಮತ್ತೆ ಅಲ್ಲಿಗೇ. ಗಿರಾಕಿ ಮತ್ತೆ ಅದೇ ಅಂಗಡಿಗೆ. ಎಲ್ಲಾ ಅಂಗಡಿಯವರೂ ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಫಾರ್ಮ್ಯಾಟ್‌ಗೆ ಇಷ್ಟು ಅಂತ ದರ ಇದೆ, ಕಾರಣ ಹುಡುಕಿದ್ದಕ್ಕೆ ಅಂತ ದರ ಇಲ್ಲ. ಒಂದು ಗಂಟೆ ಕೂತು ಪರೀಕ್ಷೆ ಮಾಡಿದವನಿಗೆ ನಾವೂ ದುಡ್ಡು ಕೊಡಲು ಹಿಂದೆ ಮುಂದೆ ನೋಡುತ್ತೇವೆ. ಅದು ಬದಲಾಗಬೇಕು. ಡಾಕ್ಟರಿಗೆ ಫೀಸು ಕೊಡುವುದಿಲ್ವಾ?

ಡಿಸ್ಕ್ ಯಾಕೆ ಕೆಟ್ಟಿತು ಅಂತಲೂ ನೋಡಬೇಕು, ಇಲ್ಲದಿದ್ದರೆ ಮುಂದಿನದಕ್ಕೂ ಅದೇ ಗತಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆಗೆ ಮರ ಲೈನ್ ಮೇಲೆ ಬೀಳುವುದು ಮಾಮೂಲು. ಕರೆಂಟು ಹೋಗುತ್ತದೆ, ಬರುತ್ತದೆ, ಬಂದ ಹಾಗೆ ಮಾಡಿ ಮತ್ತೆ ಹೋಗುತ್ತದೆ. ಬರೆಯುತ್ತಿರುವಾಗಲೇ ತಟ್ಟೆ ನಿಂತರೆ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಇದೆಯಲ್ಲಾ ಅನ್ನಬಹುದು. ನಮ್ಮ ಯುಪಿಎಸ್‌ನ ದೀಪ ಉರಿಯುತ್ತಿತ್ತು, ಆದರೆ ಕರೆಂಟು ಹೋದ ಕೂಡಲೇ ಕಂಪ್ಯೂಟರೂ ಹೋಗುತ್ತಿತ್ತು. ಒಳಗಿನ 12 ವೋಲ್ಟಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಯುಪಿಎಸ್ ಬದಲಿಸಬೇಕಾಗಿಲ್ಲ, ಬ್ಯಾಟರಿ ಬದಲಿಸಿದರೆ ಸಾಕು. ಪರೀಕ್ಷೆ ಸುಲಭ. ತೆರೆದಿದ್ದನ್ನೆಲ್ಲಾ ಸೇವ್ ಮಾಡಿ ಮುಚ್ಚಿ, ಕಂಪ್ಯೂಟರ್ ಶಟ್‌ಡೌನ್ ಮಾಡಿ, ಯುಪಿಎಸ್‌ಗೆ ಒಂದು ಬಲ್ಬ್ ಹಾಕಿ, ಗೋಡೆಯ ಸ್ವಿಚ್ ಆರಿಸಿ ನೋಡಿ. ಬಲ್ಬ್ ಕೂಡಲೇ ಆರಿದರೆ ಬ್ಯಾಟರಿ ಮುಗಿದಿದೆ.

ಸಾಹುಕಾರ್ರು ಒಪ್ಪಿದರು. 256 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದು, 4 ಜಿಬಿಯ ಇನ್ನೊಂದು ರ‍್ಯಾಮ್, ಯುಪಿಎಸ್ ಬ್ಯಾಟರಿ, ಬಿಲ್ಲೆ ಸೆಲ್. ಎಲ್ಲಾ ಸೇರಿದರೂ ಹೊಸ ಕಂಪ್ಯೂಟರಿನ ಬೆಲೆಯ ಒಂದು ಸಣ್ಣ ಪಾಲು. ಕೊಳ್ಳುವಾಗ ಜೋಪಾನ: ಹಳೆಯ ಮೆಷಿನ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಬೇಕು. ಚೂಯಿಂಗ್ ಗಮ್ ಪಟ್ಟಿಯಷ್ಟು ತೆಳುವಾದ ಎಂ.2 ಎಸ್‌ಎಸ್‌ಡಿ, ಮದರ್‌ಬೋರ್ಡಿನಲ್ಲಿ ಅದಕ್ಕೆ ಜಾಗ ಇದ್ದರೆ ಮಾತ್ರ ಕೂರುತ್ತದೆ. ರ‍್ಯಾಮ್ ಡಿಡಿಆರ್3 ಇದ್ದರೆ ಡಿಡಿಆರ್3 ಮಾತ್ರ, ಡಿಡಿಆರ್4 ಅದರ ಸ್ಲಾಟಿಗೆ ಹೊಂದುವುದೇ ಇಲ್ಲ. ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ ಎಲ್ಲವನ್ನೂ ಇದ್ದ ಹಾಗೇ ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಬಹುದು. ಟ್ಯಾಲಿ, ನುಡಿ, ಪ್ರಿಂಟರ್ ಯಾವುದನ್ನೂ ಮತ್ತೆ ಹಾಕಬೇಕಾಗಿಲ್ಲ. ನಮ್ಮದು ಹಳದಿಯಾಗಿದ್ದರಿಂದ ಹುಡುಗಿ ಹೊಸದಾಗಿಯೇ ವಿಂಡೋಸ್ ಹಾಕಿದಳು.

ಈಗ ಅದೇ ಐ3, ಅದೇ ಮದರ್‌ಬೋರ್ಡ್, ಅರ್ಧ ನಿಮಿಷದೊಳಗೆ ಕೆಲಸಕ್ಕೆ ಸಿಗುತ್ತದೆ. ಶನಿವಾರ ಆಳುಗಳು ಜಗುಲಿಗೆ ಬರುವ ಮುಂಚೆ ಶೀಟ್ ಪ್ರಿಂಟ್ ಆಗಿರುತ್ತದೆ. ಎಸ್‌ಎಸ್‌ಡಿಗೂ ಸಾವಿದೆ, ಕೆಲವು ಸಲ ಯಾವ ಸೂಚನೆಯನ್ನೂ ಕೊಡದೆ ಒಂದೇ ಸಲ ಹೋಗುತ್ತದೆ. ಹಾಗಾಗಿ ಬಟವಾಡೆ ಮುಗಿದ ಕೂಡಲೇ ಲೆಕ್ಕದ ನಕಲು ಹೊರಗಿನ ಡಿಸ್ಕಿಗೆ ಹೋಗುತ್ತದೆ. ಈ ರೂಢಿ ಬಿಟ್ಟಿಲ್ಲ.

ಮೂರನೇ ಪಾಲಿಗೆ ದುಡ್ಡೇ ಬೇಡ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ವಿಂಡೋಸ್ ಜೊತೆ ತಾನಾಗೇ ಏಳುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ಪಕ್ಕದಲ್ಲೇ ಯಾವುದರ ಭಾರ ಹೈ, ಯಾವುದರದ್ದು ಲೋ ಅಂತ ಬರೆದಿರುತ್ತದೆ. ನಮ್ಮಲ್ಲಿ ಹಳೆಯ ಪ್ರಿಂಟರಿನದ್ದು ಎರಡು, ದೂರದಿಂದ ರಿಪೇರಿ ಮಾಡಲು ಯಾರೋ ಹಾಕಿ ಮರೆತದ್ದು ಒಂದು, ಮೊಬೈಲ್ ಜೋಡಿಸಲು ಒಂದು, ಹಾಡಿನದ್ದು ಒಂದು, ಇವೆಲ್ಲಾ ಬೆಳಿಗ್ಗೆ ಒಟ್ಟಿಗೆ ಏಳುತ್ತಿದ್ದವು. ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟರೆ ತಂತ್ರಾಂಶ ಅಳಿಸಿಹೋಗುವುದಿಲ್ಲ, ಬೇಕಾದಾಗ ನಾವೇ ತೆರೆಯಬಹುದು. ಗೊತ್ತಿಲ್ಲದ ಹೆಸರಿದ್ದರೆ ಮುಟ್ಟುವ ಮೊದಲು ಯಾರನ್ನಾದರೂ ಕೇಳಿ. ಆ್ಯಂಟಿವೈರಸ್ ಎರಡಿದ್ದರೆ ಒಂದನ್ನು ಪೂರ್ತಿ ತೆಗೆಯಿರಿ. ಒಂದು ತೆರೆದ ಫೈಲನ್ನು ಇನ್ನೊಂದು ಪರೀಕ್ಷಿಸುತ್ತದೆ, ಕೆಲಸ ಎರಡರಷ್ಟು. ವಿಂಡೋಸ್ 10ರಲ್ಲಿ ಡಿಫೆಂಡರ್ ಅಂತ ಒಂದು ಮೊದಲೇ ಇದೆ. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದ್ದರೂ ಎಲ್ಲಾ ನಿಧಾನವಾಗುತ್ತದೆ, ಹತ್ತು ಹದಿನೈದು ಪರ್ಸೆಂಟಾದರೂ ಖಾಲಿ ಇರಲಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟರೆ ಪೂರ್ತಿ ಮುಚ್ಚುವುದಿಲ್ಲ. ಒಳಗಿನ ಮುಖ್ಯ ಭಾಗವನ್ನು ಡಿಸ್ಕಿನಲ್ಲಿ ಹಾಗೇ ಎತ್ತಿಟ್ಟು, ಬೆಳಿಗ್ಗೆ ಅದನ್ನೇ ವಾಪಸ್ ತರುತ್ತದೆ. ಏಳುವುದು ಬೇಗ ಆಗಲಿ ಅಂತ ಮಾಡಿದ ಏರ್ಪಾಡು. ಆದರೆ ಅಲ್ಲೇ ಏನಾದರೂ ಸಿಕ್ಕಿಹಾಕಿಕೊಂಡಿದ್ದರೆ ಅದೂ ದಿನಾ ವಾಪಸ್ ಬರುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ 'ಅಪ್ ಟೈಮ್' ನೋಡಿ. ರಾತ್ರಿ ಆಫ್ ಮಾಡಿದ ಮೆಷಿನ್ ಹನ್ನೆರಡು ದಿನದಿಂದ ಎದ್ದೇ ಇದೆ ಅಂತ ಇರಬಹುದು. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ. ರೀಸ್ಟಾರ್ಟಿನಲ್ಲಿ ಮಾತ್ರ ಎಲ್ಲಾ ಮುಚ್ಚಿ ಹೊಸದಾಗಿ ಶುರುವಾಗುತ್ತದೆ.

ಸ್ಟಾಪ್‌ವಾಚ್ ಬೇಡ, ಸಾಕ್ಷಿ ಬೇಕು ಅನ್ನುವವರಿಗೆ ವಿಂಡೋಸ್ ತಾನೇ ಲೆಕ್ಕ ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್ ತೆರೆದು ಆ್ಯಪ್ಲಿಕೇಶನ್ಸ್ ಆ್ಯಂಡ್ ಸರ್ವೀಸಸ್ ಲಾಗ್ಸ್, ಮೈಕ್ರೊಸಾಫ್ಟ್, ವಿಂಡೋಸ್, ಡಯಾಗ್ನೋಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್ ಅಂತ ಒಳಗೆ ಹೋದರೆ 100ನೇ ನಂಬರಿನ ಸಾಲುಗಳಲ್ಲಿ ಏಳಲು ಹಿಡಿದ ಹೊತ್ತು ಮಿಲಿಸೆಕೆಂಡಿನಲ್ಲಿ ಇರುತ್ತದೆ. ಒಂದು ಲಕ್ಷ ಅಂದರೆ ನೂರು ಸೆಕೆಂಡು. 101 ಇದ್ದರೆ ತಡ ಮಾಡಿದ್ದು ಯಾವ ತಂತ್ರಾಂಶ, 102 ಇದ್ದರೆ ಯಾವ ಡ್ರೈವರ್, 103 ಇದ್ದರೆ ಯಾವ ಸರ್ವಿಸ್ ಅಂತ ಹೆಸರು ಸಮೇತ ಬರುತ್ತದೆ. ರಿಪೇರಿ ಮಾಡುವವರು ಇದನ್ನು ತೆಗೆದು ಗಿರಾಕಿಗೆ ತೋರಿಸಲು ಎಷ್ಟು ಹೊತ್ತು ಬೇಕು?

ಹೊಸದು ಮಾರುವವರ ಬಾಯಲ್ಲಿ ಈಗ ಇನ್ನೊಂದು ಮಾತಿದೆ: 'ವಿಂಡೋಸ್ 10 ನಿಂತುಹೋಯ್ತು, ಅದಕ್ಕೇ ಸ್ಲೋ.' ಇದು ಸರಿಯಲ್ಲ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಅದಕ್ಕೆ ಮಾಮೂಲಾಗಿ ಬರುತ್ತಿದ್ದ ಬೆಂಬಲ ಮತ್ತು ಸುರಕ್ಷತೆಯ ಅಪ್‌ಡೇಟ್. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಪಡೆಯುವ ಏರ್ಪಾಡನ್ನೂ ಮೈಕ್ರೊಸಾಫ್ಟ್ ಮಾಡಿತ್ತು. ಬೆಂಬಲ ನಿಂತಿತು ಅಂತ ಮೆಷಿನ್ ನಿಧಾನವಾಗುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವವರು ಅಪ್‌ಡೇಟ್ ಬಗ್ಗೆ ಯೋಚಿಸಲೇಬೇಕು, ಅದು ನಿಜ. ವಿಂಡೋಸ್ 11 ಬೇಕಿದ್ದರೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಏರ್ಪಾಡು ಮೆಷಿನ್ನಿನಲ್ಲೇ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯ ಮೆಷಿನ್‌ಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಇದೆ. ಉಚಿತ, ಅಪ್‌ಡೇಟೂ ಬರುತ್ತದೆ. ಕಗಪ ಕೀಲಿಮಣೆಯಲ್ಲೇ ಯೂನಿಕೋಡ್ ಕನ್ನಡ ಟೈಪ್ ಮಾಡಬಹುದು.

ಈ ಪತ್ರ ಬರೆಯಲು ನಿಜವಾದ ಕಾರಣ ಈಗ ಹೇಳುತ್ತೇನೆ. ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದಿದೆ. ಕಾರಣ ಕೇಳಿದೆ. 'ಆನ್ ಆಗೋ ಹೊತ್ತಿಗೆ ಪೀರಿಯಡ್ಡೇ ಮುಗಿಯುತ್ತೆ, ಕಂಡೆಮ್ ಮಾಡೋಕೆ ಬರೆದಿದ್ದೀವಿ' ಅಂದರು, ಅಂದರೆ ಕೆಲಸಕ್ಕೆ ಬಾರದ್ದು ಅಂತ ತೆಗೆದುಹಾಕಲು. ಕಿಟಕಿಯಿಂದ ನೋಡಿದೆ. ಮೇಜಿನ ಮೇಲೆ ಸಾಲಾಗಿ ಮಾನಿಟರುಗಳು, ಮೇಲೆ ಬಟ್ಟೆ ಹೊದಿಸಿದ್ದಾರೆ. ನಮ್ಮ ತೋಟದ ಮೆಷಿನ್‌ಗಿಂತ ಅವು ಹಳೆಯವಲ್ಲ. ನಮ್ಮ ಆಳುಗಳ ಮಕ್ಕಳು ಓದುವುದು ಅಲ್ಲೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಅವರು. ಮೌಸ್ ಮುಟ್ಟಲು ಅವರಿಗಿರುವ ಒಂದೇ ಜಾಗಕ್ಕೆ, ಯಾರೂ ಪರೀಕ್ಷೆ ಮಾಡದ ಒಂದು ಡಿಸ್ಕಿಗಾಗಿ ಬೀಗ ಹಾಕಿದ್ದಾರೆ ಅಂದರೆ ಹೊಟ್ಟೆ ಉರಿಯುತ್ತದೆ.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಯಾವುದೇ ಶಾಲೆಯ ಕಂಪ್ಯೂಟರನ್ನು ಕಂಡೆಮ್ ಪಟ್ಟಿಗೆ ಸೇರಿಸುವ ಮೊದಲು ಮೂರು ಪಾಲಿನ ಸಮಯ, ಡಿಸ್ಕಿನ ಆರೋಗ್ಯ, ರ‍್ಯಾಮ್ ಎಷ್ಟಿದೆ, ಯುಪಿಎಸ್ ಬ್ಯಾಟರಿ ಹೇಗಿದೆ ಅನ್ನುವುದನ್ನು ಬರೆಸಿಕೊಳ್ಳಲಿ. ಇದಕ್ಕೆ ದೊಡ್ಡ ಎಂಜಿನಿಯರ್ ಬೇಡ. ಚಿಕ್ಕಮಗಳೂರಿನಲ್ಲೇ ಡಿಎಸಿಜಿ ಪಾಲಿಟೆಕ್ನಿಕ್ ಇದೆ, ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜಿದೆ. ಮೂಡಿಗೆರೆ, ಕೊಪ್ಪ, ಕಡೂರು, ತರೀಕೆರೆ ಕಡೆಯಿಂದ ಬಂದು ಓದುವ ಮಕ್ಕಳು ರಜೆಯಲ್ಲಿ ತಮ್ಮ ತಮ್ಮ ಊರಿನ ಶಾಲೆಗೆ ಹೋಗಿ ಈ ಪರೀಕ್ಷೆ ಮಾಡಬಹುದು. ಕಾಲೇಜಿನವರು ಅದನ್ನು ಪ್ರಾಜೆಕ್ಟ್ ಕೆಲಸ ಅಂತ ಒಪ್ಪಿದರೆ ಮಕ್ಕಳಿಗೂ ಕಲಿತ ಹಾಗಾಯಿತು. ಡಿಸ್ಕ್ ಕೊಳ್ಳುವ ದುಡ್ಡಿಗೆ ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿ ಇದೆ, ಹಳೇ ವಿದ್ಯಾರ್ಥಿಗಳಿದ್ದಾರೆ, ನಮ್ಮ ತೋಟಗಳ ಮಾಲೀಕರೂ ಇದ್ದಾರೆ. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಒಂದು ಶಾಲೆಗೆ ನಾಲ್ಕು ಎಸ್‌ಎಸ್‌ಡಿ ಕೊಡುವುದು ಯಾವ ಸಾಹುಕಾರ್ರಿಗೂ ಭಾರವಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳಿಗೆ ಕೈಟ್ ಸಂಸ್ಥೆ ಲಿನಕ್ಸ್ ಆಧಾರದ ಸ್ವತಂತ್ರ ತಂತ್ರಾಂಶವನ್ನೇ ಸಿದ್ಧ ಮಾಡಿ ಕೊಡುತ್ತದೆ. ನಮ್ಮವರೂ ಒಮ್ಮೆ ಹೋಗಿ ನೋಡಿಬರಲಿ.

ರಿಪೇರಿ ಅಂಗಡಿಯವರಲ್ಲೂ ಒಂದು ಮಾತು. ಬಿಲ್ಲಿನಲ್ಲಿ 'ಸರ್ವಿಸ್' ಅಂತ ಒಂದೇ ಪದ ಬರೆಯಬೇಡಿ. ತಂದಾಗ ಏಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಕಂಡ ದೋಷ ಏನು, ಬದಲಿಸಿದ್ದು ಏನು, ಕೊಡುವಾಗ ಎಷ್ಟು ಹೊತ್ತು ಅಂತ ಬರೆದು ಕೊಡಿ. ಪರೀಕ್ಷೆಗೆ ಪ್ರತ್ಯೇಕ ದರ ಹಾಕಿ, ಕೊಡುತ್ತೇವೆ. ಫಾರ್ಮ್ಯಾಟ್ ಮಾಡುವ ಮುಂಚೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಫೋಲ್ಡರ್ ಬೇಕು ಅಂತ ಕೇಳಿ. ಬೆರಳು ತೋರಿಸಿ ಹೇಳಲು ಎಲ್ಲರಿಗೂ ಬರುತ್ತದೆ, ಸಿ ಡ್ರೈವ್ ಡಿ ಡ್ರೈವ್ ಅಂದರೆ ಎಲ್ಲರಿಗೂ ತಿಳಿಯುವುದಿಲ್ಲ.

ಓದುಗರು ಕೂಡ ಬದಲಿಸಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ. ಕೇಳಿ ವಾಪಸ್ ತನ್ನಿ. ಫಾರ್ಮ್ಯಾಟ್ ಮಾಡಿದ್ದರೂ ಅದರಿಂದ ಫೈಲು ಮತ್ತೆ ತೆಗೆಯಬಹುದು. ನಮ್ಮ ಹಳೆಯ ಡಿಸ್ಕಿನಲ್ಲಿ ತೋಟದ ಆಳುಗಳೆಲ್ಲರ ಆಧಾರ್, ಪಾಸ್‌ಬುಕ್, ಹೆಬ್ಬೆಟ್ಟಿನ ಗುರುತಿನ ಹಾಳೆಗಳ ನಕಲು ಇದ್ದವು. ಅವರು ನಂಬಿ ಕೊಟ್ಟಿದ್ದು ತೋಟದ ಆಫೀಸಿಗೆ. ಆ ಡಿಸ್ಕ್ ಈಗ ಆಫೀಸಿನ ಬೀರುವಿನಲ್ಲಿದೆ, ಬೀಗದ ಕೈ ಸಾಹುಕಾರ್ರ ಹತ್ತಿರ ಇದೆ.

ಇಂತಿ ನಿಮ್ಮ ಓದುಗ,
ತೋಟದ ರೈಟರ್,
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು